ಹಿಟ್ಟಿನ ಕೋಳಿ

ಹುಲಿ ಜಿಂಕೆಯನ್ನು ಕೊಲ್ಲುತ್ತದೆ. ಅದನ್ನು ಕಂಡು ನಮಗೆ ಮರುಕವಾಗಬಹುದು. ಆದರೆ ಹುಲಿ ತಪ್ಪು ಮಾಡಿತೆಂದು ಯಾರೂ ಹೇಳುವುದಿಲ್ಲ. ಹಸಿವಿಲ್ಲದ ಮನುಷ್ಯನು ಬರಿಯ ವಿನೋದಕ್ಕಾಗಿ ಅದೇ ಜಿಂಕೆಯನ್ನು ಕೊಂದರೆ ಅದು ತಪ್ಪೆನಿಸುತ್ತದೆ. ಸಾಯುವ ಜಿಂಕೆಗೆ ಎರಡೂ ಒಂದೇ. ಹಾಗಿದ್ದರೂ ಒಂದನ್ನು ಪ್ರಕೃತಿಯ ನಿಯಮವೆಂದೂ ಇನ್ನೊಂದನ್ನು ಪಾಪವೆಂದೂ ಕರೆಯುತ್ತೇವೆ. ಈ ಭೇದಕ್ಕೆ ಆಧಾರವೇನು?

'ಕರ್ಮ' ಎಂಬ ಶಬ್ದಕ್ಕೆ ಕೆಲಸವೆಂದಷ್ಟೇ ಮೂಲಾರ್ಥ. ಆಡುಮಾತಿನಲ್ಲಿ ಅದು ಹಣೆಬರಹಕ್ಕೆ ಸಮಾನವಾಗಿಬಿಟ್ಟಿದೆ. 'ಎಲ್ಲಾ ನನ್ನ ಕರ್ಮ' ಎಂದು ಹಣೆ ಚಚ್ಚಿಕೊಳ್ಳುವವರು ತಾವು ಮಾಡಿದುದನ್ನು ಹೇಳುವುದಿಲ್ಲ, ತಮಗೆ ಬಂದೊದಗಿದುದನ್ನು ಹೇಳುತ್ತಾರೆ. ಶಾಸ್ತ್ರದ ಅರ್ಥವಾದರೋ ಇದಕ್ಕಿಂತ ಕಟ್ಟುನಿಟ್ಟಾದುದು. ಮಾಡಿದವನೇ ಫಲವನ್ನು ಉಣ್ಣಬೇಕೆಂಬುದು ಅದರ ತಿರುಳು. ಮಾನವಜನ್ಮವು ಕರ್ಮಯೋನಿ, ಪ್ರಾಣಿಜನ್ಮವು ಭೋಗಯೋನಿ ಎಂದು ಹಿಂದಿನವರು ವಿಂಗಡಿಸಿದರು. ಮನುಷ್ಯನು ಹೊಸ ಕರ್ಮವನ್ನು ಗಳಿಸಬಲ್ಲನು. ಪ್ರಾಣಿಯು ಹಳೆಯದನ್ನು ಅನುಭವಿಸುತ್ತದೆ, ಅಷ್ಟೆ.

ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಜನರು ಹೀಗೆ ತಿಳಿದಿರಲಿಲ್ಲ. ಫ್ರಾನ್ಸಿನ ಸಾವಿನ್ಯಿ ಎಂಬ ಊರಿನಲ್ಲಿ 1457ರಲ್ಲಿ, ಐದು ವರ್ಷದ ಬಾಲಕನನ್ನು ಕೊಂದ ಹೆಣ್ಣು ಹಂದಿಯೊಂದನ್ನು ನ್ಯಾಯಾಲಯವು ವಿಚಾರಣೆಗೆ ಗುರಿಮಾಡಿ ಮರಣದಂಡನೆ ವಿಧಿಸಿತು. ಅದರ ಆರು ಮರಿಗಳ ಮೇಲಿನ ಆರೋಪಕ್ಕೆ ಮಾತ್ರ ಸಾಕ್ಷ್ಯ ಸಾಲದೆ ಹೋಯಿತು! ಇಂದು ಇದು ನಗೆ ತರಿಸುವ ಸಂಗತಿ. ಈಗಿನ ಕಾನೂನು ಕೃತ್ಯದ ಜೊತೆಗೆ ಮಾಡಿದವನ ತಿಳಿವಳಿಕೆಯನ್ನೂ ನೋಡುತ್ತದೆ. ನಮ್ಮ ದೇಶದಲ್ಲಿ 7 ವರ್ಷ ತುಂಬದ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ. 7ರಿಂದ 12 ವರ್ಷದೊಳಗಿನ ಮಗುವಾದರೆ, ತನ್ನ ಕೃತ್ಯದ ಸ್ವರೂಪವನ್ನೂ ಪರಿಣಾಮವನ್ನೂ ಅರಿಯುವಷ್ಟು ಬುದ್ಧಿ ಅದಕ್ಕೆ ಬಲಿತಿತ್ತೇ ಎಂಬುದನ್ನು ಪರಿಶೀಲಿಸಬೇಕು. 1860ರ ದಂಡಸಂಹಿತೆಯಲ್ಲಿದ್ದ ಈ ನಿಯಮವು 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿದಿದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಈ ಎರಡು ರಿಯಾಯಿತಿಗಳೂ ಇಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ತಿಳಿವು ಮತ್ತು ಹೊಣೆಗಳ ಈ ನಂಟನ್ನು ಕನ್ನಡದಲ್ಲಿ ಜನ್ನ ಕವಿಯಷ್ಟು ಸೂಕ್ಷ್ಮವಾಗಿ ಶೋಧಿಸಿದವರು ವಿರಳ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಈತನು 1209ರಲ್ಲಿ 'ಯಶೋಧರ ಚರಿತೆ'ಯನ್ನು ರಚಿಸಿದನು. ಉಜ್ಜಯಿನಿಯ ಅರಸು ಯಶೋಧರನು ತನ್ನ ಪತ್ನಿಯ ದ್ರೋಹವನ್ನು ಕಣ್ಣಾರೆ ಕಂಡು ಮನಸ್ಸು ಕದಡಿದವನಾಗಿ, ಕೆಟ್ಟ ಕನಸು ಕಂಡೆನೆಂದು ತಾಯಿ ಚಂದ್ರಮತಿಗೆ ಹೇಳುತ್ತಾನೆ. ಕೇಡು ಕಳೆಯಲು ದೇವಿಗೆ ಬಲಿ ಕೊಡಬೇಕೆಂದು ತಾಯಿಯ ಒತ್ತಾಯ. ಜೀವಹಿಂಸೆಗೆ ಮಗನು ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ನಡುದಾರಿಯನ್ನು ಹುಡುಕುತ್ತಾರೆ: ಹಿಟ್ಟಿನಿಂದ ಕೋಳಿಯನ್ನು ಮಾಡಿಸಿ ಅದನ್ನೇ ಬಲಿ ಕೊಡುವುದು. ಯಾವ ಜೀವಕ್ಕೂ ನೋವಿಲ್ಲ, ತಾಯಿಯ ಮಾತನ್ನೂ ಮೀರಿದಂತಾಗಲಿಲ್ಲ! ಆದರೆ ಅರಸನು ಕತ್ತಿ ಬೀಸಿದಾಗ ಆ ಹಿಟ್ಟಿನ ಕೋಳಿಯು ಕೂಗಿತು.

ಜೈನ ಧರ್ಮವು ಇದನ್ನು ಸಂಕಲ್ಪಹಿಂಸೆ ಎನ್ನುತ್ತದೆ. ಕೈ ಕೊಂದದ್ದು ಹಿಟ್ಟನ್ನು. ಮನಸ್ಸು ಕೊಂದದ್ದು ಕೋಳಿಯನ್ನು. ಈ ಕೃತ್ಯದ ಫಲವಾಗಿ ತಾಯಿಮಕ್ಕಳು ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಮೊದಲು ಮಗನು ನವಿಲು, ತಾಯಿಯು ನಾಯಿ. ನಾಯಿಯು ನವಿಲನ್ನು ಕೊಲ್ಲುತ್ತದೆ! ಹೆತ್ತ ತಾಯಿಯೇ ಮಗನನ್ನು ಕೊಂದಳೆಂದು ಓದುವವರ ಮೈ ಜುಮ್ಮೆನ್ನುತ್ತದೆ. ಆದರೆ ನಾಯಿಗೆ ಅದರ ಅರಿವಿಲ್ಲ. ಹಿಟ್ಟಿನ ಕೋಳಿಯನ್ನು ಕತ್ತರಿಸಿದ ಅರಸನ ಮೇಲಿನ ಹೊಣೆಯು ನಿಜವಾದ ನವಿಲನ್ನು ಕೊಂದ ನಾಯಿಯ ಮೇಲಿನದಕ್ಕಿಂತ ಭಾರವಾದುದು.

ಹಾಗೆಂದು ಪ್ರಾಣಿಯನ್ನು ಜಡವಸ್ತುವೆಂದು ಜೈನರು ಎಣಿಸಲಿಲ್ಲ. ಮನಸ್ಸುಳ್ಳ ಪಂಚೇಂದ್ರಿಯ ಪ್ರಾಣಿಯು ಅಣುವ್ರತಗಳನ್ನು ಸ್ವೀಕರಿಸಬಲ್ಲದೆಂಬುದು ಅವರ ಮತ. ಭೋಗಯೋನಿಯ ಗೆರೆ ಇಲ್ಲಿ ಅಷ್ಟು ಗಟ್ಟಿಯಾಗಿಲ್ಲ. ಕಡೆಯ ಪ್ರಾಣಿಜನ್ಮದಲ್ಲಿ ಯಶೋಧರ, ಚಂದ್ರಮತಿಯರು ನಿಜವಾದ ಕೋಳಿಗಳಾಗಿದ್ದಾಗ ಮುನಿಯೊಬ್ಬನ ಉಪದೇಶವನ್ನು ಕೇಳಿ, ಹಿಂದಿನ ಭವಗಳನ್ನು ನೆನೆದು, ವ್ರತವನ್ನು ತಳೆದು ಸಂತೋಷದಿಂದ ಕೂಗುತ್ತವೆ. ಆ ದನಿಯನ್ನು ಗುರಿಯಾಗಿಟ್ಟು ಅರಸನೊಬ್ಬನು ಬಾಣ ಬಿಡುತ್ತಾನೆ. ಅವನು ಯಶೋಧರನ ಮಗನೇ. ಸತ್ತ ಕೋಳಿಗಳು ಅವನಿಗೇ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಜನಿಸುತ್ತವೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಪ್ರಾಣಿಯ ನೋವು ಅದರ ಹಿಂದಿನ ಕರ್ಮದ ಫಲವಾದರೆ ನಾವೇಕೆ ಅಡ್ಡ ಬರಬೇಕು? ಏರುದಾರಿಯಲ್ಲಿ ಹೇರು ಹೆಚ್ಚಾಗಿ ಮೊಣಕಾಲೂರಿದ ಎತ್ತಿನ ಮೇಲೆ ಬಾರುಕೋಲು ಬೀಳುವಾಗ 'ಅದು ಪಡೆದುಕೊಂಡು ಬಂದದ್ದು' ಎನ್ನುವವರಿದ್ದಾರೆ. ಹೇಳುವವರಿಗೆ ಈ ಮಾತು ಬಹಳ ಅನುಕೂಲವಾದುದು. ಎತ್ತಿನ ಹಿಂದಿನ ಜನ್ಮದ ಲೆಕ್ಕವೇನೇ ಇರಲಿ, ಬಾರುಕೋಲನ್ನು ಎತ್ತಿದ ಕೈ ಈ ಜನ್ಮದ್ದು. ಆ ಏಟು ಹೊಡೆದವನ ಹೊಸ ಕರ್ಮ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯು ಮಿತಿಮೀರಿ ಹೇರು ಹೊರಿಸಿದವನ ಜೊತೆಗೆ ಅದಕ್ಕೆ ಸಮ್ಮತಿಸಿದ ಒಡೆಯನನ್ನೂ ಅಪರಾಧಿಯೆನ್ನುತ್ತದೆ.

ಜನ್ನನ ಕಾವ್ಯದಲ್ಲಿ ಈ ಆಕ್ಷೇಪಕ್ಕೆ ಆಸ್ಪದವಿಲ್ಲದೆ ಇಲ್ಲ. ಅಭಯರುಚಿ, ಅಭಯಮತಿಯರನ್ನು ಮಾರಿದತ್ತನೆಂಬ ಅರಸನ ಮುಂದೆ ಚಂಡಮಾರಿಯ ಬಲಿಗೆಂದು ಎಳೆತಂದು ನಿಲ್ಲಿಸಿರುತ್ತಾರೆ. ಈ ಮಕ್ಕಳು ಹಿಂದೆ ಬಲಿ ಕೊಟ್ಟವರು, ಈಗ ಬಲಿಯಾಗಲಿ ಎಂದು ಆತನು ವಾದಿಸಬಹುದಾಗಿತ್ತು. ಭವಾವಳಿಯ ಕಥೆಯನ್ನೆಲ್ಲ ಅಭಯರುಚಿಯೇ ಅವನಿಗೆ ಹೇಳುತ್ತಾನೆ. ಕೇಳಿದ ಮಾರಿದತ್ತನು ಅವರ ಲೆಕ್ಕವನ್ನು ಬಿಟ್ಟು ತನ್ನ ಲೆಕ್ಕವನ್ನು ನೋಡಿಕೊಂಡನು. ಹಿಟ್ಟಿನ ಕೋಳಿಯೊಂದಕ್ಕೆ ಇಷ್ಟು ಫಲವಾದರೆ ತನಗೆ ಬರುವುದೇನೆಂದು ನಡುಗಿ ಬಲಿಯನ್ನು ಕೈಬಿಟ್ಟನು.