ತಂತಿಯ ತುದಿ ಕಾಣುವ ಬಗೆ

ಬಳ್ಳಾರಿ

ಮಗಳೇ,

ನೀನು ಕಳಿಸಿದ ಇಸಿಜಿ ಫೋಟೋ ನೋಡಿದೆ. ಗೆರೆಗಳು ಒತ್ತೊತ್ತಾಗಿ, ಒಂದೇ ಅಂತರದಲ್ಲಿ, ನಿಮಿಷಕ್ಕೆ 180ರ ಆಸುಪಾಸು. ಎದೆ ಬಡಿದುಕೊಳ್ಳುತ್ತಿದ್ದಾಗಲೇ ಸಿರುಗುಪ್ಪದಲ್ಲಿ ತೆಗೆದದ್ದು ಪುಣ್ಯ. ನಿಂತ ಮೇಲೆ ತೆಗೆದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ, ಬರೀ ಹೆದರಿಕೆ ಅಂದುಬಿಡುತ್ತಾರೆ. ಅದು ಥರ್ಮಲ್ ಕಾಗದ, ನಮ್ಮ ಬಿಸಿಲಿಗೆ ಮಾಸುತ್ತದೆ, ಜೆರಾಕ್ಸ್ ಮಾಡಿಸಿಡು.

ಕುರುಗೋಡಿನ ಅಜ್ಜಿ ತಾಯಿತ ಕಟ್ಟಿದ್ದಾಳಂತೆ. ಇರಲಿ, ಅವಳ ಮನಸ್ಸಿಗೆ ಸಮಾಧಾನ. ಹೃದಯದ ಚಿಕಿತ್ಸೆಗೆ ಟೇಬಲ್ ಹತ್ತುವಾಗ ಮಾತ್ರ ಬಿಚ್ಚಿಡು, ಲೋಹ ಎಕ್ಸ್-ರೇಗೆ ಅಡ್ಡ ಬರುತ್ತದೆ.

‘ಹೃದಯದೊಳಗಿನ ಕಾಣದ ಜಾಗವನ್ನು ಹೇಗೆ ಸುಡ್ತಾರೆ ದೊಡ್ಡಪ್ಪ?’ ಅಂತ ಕೇಳಿದ್ದೀಯ. ಸೀಸದ ಏಪ್ರನ್ ಹೊತ್ತು ಎಕ್ಸ್-ರೇ ಕೋಣೆಯಲ್ಲೇ ತಲೆ ನರೆತವನು ನಾನು, ಹೇಳುತ್ತೇನೆ ಕೇಳು. ನಿನ್ನ ಎಸ್‌ವಿಟಿಯಲ್ಲಿ, ಅಂದರೆ ಈ ಬಿರುಸು ಬಡಿತದಲ್ಲಿ, ಆಗುವುದಿಷ್ಟೇ: ಕಾಲುವೆಯ ನೀರು ಗದ್ದೆಗೆ ಹೋಗದೆ ಕಳ್ಳತೂಬಿನಿಂದ ಮತ್ತೆ ಕಾಲುವೆಗೇ ಸುತ್ತಿ ಬಂದಂತೆ, ಹೃದಯದ ವಿದ್ಯುತ್ತು ಒಂದೇ ಜಾಗದಲ್ಲಿ ಗಿರಕಿ ಹೊಡೆಯುತ್ತದೆ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ತಂತಿಗಳನ್ನು ಹೃದಯಕ್ಕೆ ಏರಿಸಿ, ಬೇಕೆಂದೇ ಬಡಿತ ಕೆರಳಿಸಿ, ಆ ಹಾದಿಯನ್ನು ಹುಡುಕಿ ಸುಡುತ್ತಾರೆ. ಸುಡುವುದು ಕೆಲವೇ ಮಿಲಿಮೀಟರ್.

ಎಕ್ಸ್-ರೇಯಲ್ಲಿ ತಂತಿಯ ಲೋಹ ಕಪ್ಪಗೆ ಎದ್ದು ಕಾಣುತ್ತದೆ, ಆದರೆ ಹೃದಯದ ಒಳಗೋಡೆ ಕಾಣುವುದಿಲ್ಲ. ಬರೀ ನೆರಳು. ಮೊದಮೊದಲು ಆ ನೆರಳು ಮತ್ತು ವಿದ್ಯುತ್ ಗೆರೆಗಳನ್ನೇ ನಂಬಿ ಮಾಡುತ್ತಿದ್ದರು. 1990ರ ದಶಕದಲ್ಲಿ ತ್ರೀಡಿ ಮ್ಯಾಪಿಂಗ್ ಬಂತು. ಟೇಬಲ್ ಕೆಳಗಿನ ದುರ್ಬಲ ಕಾಂತಕ್ಷೇತ್ರ ತಂತಿಯ ತುದಿ ಎಲ್ಲಿದೆಯೆಂದು ಪತ್ತೆ ಹಚ್ಚುತ್ತದೆ. ತುದಿ ಮುಟ್ಟಿದ ಕಡೆಯೆಲ್ಲ ಒಂದೊಂದು ಚುಕ್ಕೆ. ವಿದ್ಯುತ್ತು ಮೊದಲು ತಲುಪಿದ ಜಾಗ ಸಾಮಾನ್ಯವಾಗಿ ಕೆಂಪು, ಕೊನೆಗೆ ತಲುಪಿದ್ದು ನೇರಳೆ. ನೋಡನೋಡುತ್ತ ಪರದೆಯ ಮೇಲೆ ಹೃದಯದ ಕೋಣೆ ಮೂಡುತ್ತದೆ, ಅಷ್ಟರ ಮಟ್ಟಿಗೆ ಎಕ್ಸ್-ರೇ ಕಡಿಮೆ ಸಾಕು. ಕೆಲವರಿಗೆ ತಂತಿಯ ತುದಿಯಲ್ಲೇ ಪುಟ್ಟ ಎಕೋ ಇಟ್ಟು ಒಳಗಿನಿಂದಲೇ ನೋಡುವುದೂ ಉಂಟು.

ಇಷ್ಟು ಎಚ್ಚರ ಯಾಕೆಂದರೆ ಕೆಟ್ಟ ಹಾದಿಯ ಪಕ್ಕದಲ್ಲೇ ಹೃದಯದ ಮುಖ್ಯ ವಿದ್ಯುತ್ ಗಂಟು ಇರಬಹುದು. ಅದಕ್ಕೆ ಪೆಟ್ಟಾದರೆ ಪೇಸ್‌ಮೇಕರ್ ಬೇಕಾಗುತ್ತದೆ. ಅಪರೂಪ, ಆದರೂ ನಿನ್ನಿಂದ ಮುಚ್ಚಿಡಲಾರೆ. ಸಾಮಾನ್ಯ ಎಸ್‌ವಿಟಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ಜೀವಮಾನವಿಡೀ ಮಾತ್ರೆ ನುಂಗುವುದಕ್ಕಿಂತ ಇದೇ ವಾಸಿ ಅನ್ನುವವನು ನಾನು.

ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರಲ್ಲ, ಹೋದಾಗ ಯಾವ ಮಾತ್ರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳು. ಮುಟ್ಟು ತಪ್ಪಿದ್ದರೆ ನಾಚಿಕೊಳ್ಳದೆ ಮೊದಲೇ ಹೇಳು, ಎಕ್ಸ್-ರೇ ವಿಷಯ ಅದು. ಸರ್ಕಾರಿ ಆರೋಗ್ಯ ಕಾರ್ಡು ಮರೆಯಬೇಡ. ದಿನ ಗೊತ್ತಾದ ಕೂಡಲೇ ಫೋನ್ ಮಾಡು ಯವ್ವಾ, ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ತೆಗೆಸುತ್ತೇನೆ. ನಾನೂ ಜೊತೆಗೆ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ