ರಸ್ತೆ ಬದಿಯ ಮರಕ್ಕೆ ಪಿಎಚ್.ಡಿ. ಎಂತಕ್ಕೆ?

ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಅಂದರೆ ಚಾರ್ಮಾಡಿ ಹತ್ತಬೇಕು, ಕುದುರೆಮುಖದ ಶೋಲಾದಲ್ಲಿ ಜಿಗಣೆ ಕಚ್ಚಿಸಿಕೊಳ್ಳಬೇಕು ಎಂಬುದು ಮಾರ್ಗದರ್ಶಕರ ನಂಬಿಕೆ. ಬಿ.ಸಿ.ರೋಡಿನ ಅಧ್ಯಾಪಕಿಯೊಬ್ಬರು ಹೆದ್ದಾರಿ ಬದಿಯ ಮರಗಳನ್ನು ವಿಷಯವಾಗಿ ಒಯ್ದಾಗ ಮಾರ್ಗದರ್ಶಕರು ಹಾಳೆ ತಿರುವದೆಯೇ ವಾಪಸು ಕೊಟ್ಟರು.

“ರಸ್ತೆ ಬದಿಯ ಮರ ಎಣಿಸಲಿಕ್ಕೆ ಪಿಎಚ್.ಡಿ. ಎಂತಕ್ಕೆ?”

ಆ ಮಾತನ್ನು ಅಧ್ಯಾಪಕಿ ಇನ್ನೂ ಕ್ಷಮಿಸಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ. ಐಐಎಸ್‌ಸಿಯಲ್ಲಿ ಪಿಎಚ್.ಡಿ. ಮುಗಿಸಿ, ಮುಂದೆ 2009ರ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಜೊತೆ ದುಡಿದ ಹರಿಣಿ ನಾಗೇಂದ್ರ, ಬೆಂಗಳೂರಿನಲ್ಲಿ ಇಂಥ ಎಣಿಕೆಯನ್ನೇ ವಿದ್ಯೆಯಾಗಿ ಬೆಳೆಸಿದರು. ದಿವ್ಯಾ ಗೋಪಾಲ್ ಜೊತೆ 2010ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ತಿರುಳು ಇದು: ದೊಡ್ಡ ಮರಗಳಿರುವುದು ಅಗಲ ರಸ್ತೆಗಳಲ್ಲಿ, ರಸ್ತೆ ಅಗಲೀಕರಣಕ್ಕೆ ಉರುಳುವುದೂ ಅವೇ.

ಮಂಗಳೂರು–ಬೆಂಗಳೂರು ಹೆದ್ದಾರಿಯ ಚತುಷ್ಪಥ ಕಾಮಗಾರಿ ಬಿ.ಸಿ.ರೋಡಿನಿಂದ ಮುಂದಕ್ಕೆ ಹೊರಟಾಗ ಆ ಮಾತು ಅಧ್ಯಾಪಕಿಯ ಕಣ್ಣೆದುರೇ ನಿಜವಾಯಿತು. ಕಲ್ಲಡ್ಕದ ದಿಕ್ಕಿನಲ್ಲಿ ಹಿಂದಿನ ಸಂಜೆ ಸುತ್ತಳತೆ ಬರೆದುಕೊಂಡಿದ್ದ ಕಾಟುಮಾವಿನ ಮರವೊಂದಕ್ಕೆ ಬೆಳಿಗ್ಗೆ ಯಂತ್ರದ ಗರಗಸ ಹತ್ತಿತ್ತು. ಗೆಲ್ಲುಗಳು ಮೊದಲೇ ಕೆಳಗಿದ್ದವು. ತೊಗಟೆಯ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ ಎರಡಾಗಿ ಸೀಳಿತು, ಮರ ಜಾರಿ ಚರಂಡಿಗೆ ಅಡ್ಡ ಬಿತ್ತು, ಸೊನೆಯ ವಾಸನೆ ರಸ್ತೆಯ ಆಚೆ ಬದಿಗೂ ಬಂತು. ಅಧ್ಯಾಪಕಿ ಟೇಪು ಹಿಡಿದು ಕಡಿದ ಮರಗಳ ಪಟ್ಟಿ ಕೇಳಿದರು. ಮೇಲ್ವಿಚಾರಣೆಗೆ ನಿಂತಿದ್ದ ಅಧಿಕಾರಿ ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಪಟ್ಟಿ ತಗೊಂಡು ಎಂತ ಮಾಡ್ತೀರಿ ಮೇಡಂ? ಮರವೇ ಇಲ್ಲ ಅಲ್ಲ?”

ಇದಕ್ಕೆ ಉತ್ತರ ಕಾನೂನಿನಲ್ಲಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಗೆ ಆಮೇಲೆ ಆದ ತಿದ್ದುಪಡಿಯಂತೆ, ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷಾಧಿಕಾರಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಆ ಗಡುವು ಚಿಕ್ಕದು. ಅಂಕಿಅಂಶ ಕೈಯಲ್ಲಿ ಸಿದ್ಧವಿದ್ದವರ ಆಕ್ಷೇಪಣೆಗೆ ಮಾತ್ರ ತೂಕ.

ಹಾಗಾಗಿ ಈ ದಾರಿಗೆ ಬರುವ ವಿದ್ಯಾರ್ಥಿಗಳಿಗೆ ಅಧ್ಯಾಪಕಿ ಹೇಳುವುದು ಇಷ್ಟು: ಸರ್ವೆಯವರು ಬಣ್ಣದ ಡಬ್ಬಿ ತರುವ ಮೊದಲೇ ಎಣಿಸಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ, ಜಿಪಿಎಸ್ ಗುರುತು ಹಾಕಿ, ಫೋಟೊ ಇಡಿ. ಮೂಡುಬಿದಿರೆ, ಬೆಳ್ತಂಗಡಿ ಪೇಟೆಗಳಲ್ಲಿ ಈ ಕೆಲಸಕ್ಕೆ ಕಾಲೇಜಿನ ಮಕ್ಕಳೇ ಸಾಕು. ಪ್ರಬಂಧ ಜರ್ನಲ್‌ಗೆ ಹೋಗಲಿ. ಒಂದು ಪ್ರತಿ ಕನ್ನಡದಲ್ಲಿ ವೃಕ್ಷಾಧಿಕಾರಿಯ ಕಚೇರಿಗೂ ಹೋಗಲಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಹೊರಬನ್ನಿ.