ಬೀಗ ಬಿದ್ದ ಮನೆಗಳೂ ಸೂರಿಲ್ಲದ ಯುವಕರೂ

ಅನ್ನ, ಬಟ್ಟೆ, ವಸತಿ ಇವು ಮನುಷ್ಯನ ಮೂಲಭೂತ ಅಗತ್ಯಗಳು ಎಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಮೊದಲಿನ ಎರಡನ್ನು ದಾನವಾಗಿ ಕೊಡಲು ಅನೇಕರು ಮುಂದೆ ಬರುತ್ತಾರೆ. ಮೂರನೆಯದರ ಮಾತು ಬಂದಾಗ ಮಾತ್ರ, "ಅದು ಸರಕಾರದ ಕೆಲಸ" ಎಂದು ಸುಮ್ಮನಾಗುತ್ತೇವೆ. ಈ ಉತ್ತರ ಸರಿಯೇ? ಸ್ವಲ್ಪ ಯೋಚಿಸಿ ನೋಡೋಣ.

2011ರ ಜನಗಣತಿಯಂತೆ ನಮ್ಮ ದೇಶದ ನಗರ ಪ್ರದೇಶಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಅದೇ ಗಣತಿಯಲ್ಲಿ ಸೂರಿಲ್ಲದವರೆಂದು ಲೆಕ್ಕಕ್ಕೆ ಸಿಕ್ಕವರು ದೇಶದಾದ್ಯಂತ 17 ಲಕ್ಷಕ್ಕೂ ಹೆಚ್ಚು. 2012ರಲ್ಲಿ ಕೇಂದ್ರ ಸರಕಾರ ನೇಮಿಸಿದ ತಜ್ಞರ ತಂಡವು ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಅಂದಾಜು ಮಾಡಿತು. ಈ ಕೊರತೆಯ ಶೇಕಡಾ 95ಕ್ಕೂ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ಆದಾಯದವರದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಕೊರತೆಯ ಸುಮಾರು ಶೇಕಡಾ 80 ಭಾಗವು ಬೀದಿಯಲ್ಲಿ ಮಲಗುವವರಿಂದ ಉಂಟಾದುದಲ್ಲ, ಇಕ್ಕಟ್ಟಾದ ಮನೆಗಳಿಂದ ಉಂಟಾದುದು. ಮದುವೆಯಾದ ಮಗನಿಗೆ ಪ್ರತ್ಯೇಕ ಕೋಣೆಯಿಲ್ಲದ, ಬೆಳೆದ ಮಕ್ಕಳೆಲ್ಲ ಒಂದೇ ಚಾವಡಿಯಲ್ಲಿ ಮಲಗುವ ಮನೆಗಳು ಅವು. ಅಂತಹ ಮನೆಯ ಯುವಕನನ್ನು ಯಾರೂ ನಿರ್ಗತಿಕನೆಂದು ಕರೆಯುವುದಿಲ್ಲ. ಆದರೆ ಅವನ ಮದುವೆ, ಓದು, ಮಾನ ಎಲ್ಲವೂ ಆ ಒಂದು ಕೋಣೆಯ ಅಭಾವದಲ್ಲಿ ಸಿಕ್ಕಿಬಿದ್ದಿರುತ್ತವೆ.

ಸರಕಾರವು ಕೈಕಟ್ಟಿ ಕುಳಿತಿಲ್ಲ. 2015ರ ಜೂನ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ, ಸ್ವಂತ ಜಾಗವುಳ್ಳ ಬಡ ಕುಟುಂಬಕ್ಕೆ ಮನೆ ಕಟ್ಟಲು ಕೇಂದ್ರದಿಂದ 1.5 ಲಕ್ಷ ರೂಪಾಯಿ ನೆರವು ದೊರೆಯಿತು. ಜಾಗವಿದ್ದವನಿಗೆ ಇದು ದೊಡ್ಡ ಉಪಕಾರ. ಆದರೆ ಕೆಲಸ ಹುಡುಕಿ ಪಟ್ಟಣಕ್ಕೆ ಬಂದ ಇಪ್ಪತ್ತು ವರ್ಷದ ಹುಡುಗನಿಗೆ ಜಾಗವೆಲ್ಲಿಂದ ಬರಬೇಕು? ಅವನಿಗೆ ಬೇಕಾದುದು ಬಾಡಿಗೆಯ ಕೋಣೆ. 2020ರ ಲಾಕ್‌ಡೌನ್‌ನಲ್ಲಿ ಲಕ್ಷಾಂತರ ಕಾರ್ಮಿಕರು ಊರಿಗೆ ನಡೆದುಹೋದ ಮೇಲೆ ಸರಕಾರವೂ ಇದನ್ನು ಮನಗಂಡಿತು. ಸರಕಾರದ ಹಣದಿಂದಲೇ ಕಟ್ಟಿ, ಯಾರೂ ವಾಸಿಸದೆ ಖಾಲಿ ಉಳಿದಿದ್ದ ಮನೆಗಳನ್ನು ಬಾಡಿಗೆಗೆ ಕೊಡುವ ಯೋಜನೆಯನ್ನು ಅದೇ ವರ್ಷ ರೂಪಿಸಿತು. 2021ರಲ್ಲಿ ಮಾದರಿ ಬಾಡಿಗೆ ಕಾಯಿದೆಯನ್ನು ಸಿದ್ಧಪಡಿಸಿ ರಾಜ್ಯಗಳಿಗೆ ಕಳುಹಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂಬುದು ಅದರಲ್ಲಿರುವ ಒಂದು ನಿಯಮ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳುವ ರೂಢಿಯನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. 8 ಸಾವಿರ ರೂಪಾಯಿ ಬಾಡಿಗೆಯ ಮನೆಗೆ 80 ಸಾವಿರವನ್ನು ಯಾವ ಬಡ ಯುವಕ ತಂದಾನು?

ಹಣ ಸುರಿದರೆ ಬೀಗಗಳು ತೆರೆಯುತ್ತವೆಯೇ? ಈ ದಾರಿಯಲ್ಲಿ ನಮಗಿಂತ ಮುಂದೆ ಹೋದ ಇಂಗ್ಲೆಂಡಿನ ಅನುಭವವನ್ನು ನೋಡಿರಿ. ಖಾಲಿ ಮನೆಗಳನ್ನು ದುರಸ್ತಿಗೊಳಿಸಿ ಕೈಗೆಟಕುವ ಬಾಡಿಗೆಗೆ ಕೊಡಿಸಲು ಅಲ್ಲಿನ ಸರಕಾರವು 2012ರಿಂದ 2015ರ ವರೆಗಿನ ಅವಧಿಗೆ 10 ಕೋಟಿ ಪೌಂಡ್ ತೆಗೆದಿರಿಸಿತು. 2013ರಿಂದ, ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾಲಿಯಿರುವ ಮನೆಗೆ ಒಂದೂವರೆ ಪಟ್ಟು ತೆರಿಗೆ ಹಾಕಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಕೊಟ್ಟಿತು. 2021ರ ಹೊತ್ತಿಗೆ, ಹತ್ತು ವರ್ಷ ಖಾಲಿಯಿದ್ದ ಮನೆಗೆ ನಾಲ್ಕು ಪಟ್ಟು ತೆರಿಗೆ ವಿಧಿಸಲೂ ಅವಕಾಶವಾಯಿತು. ಮನೆ ಕಳೆದುಕೊಂಡ 16 ಮತ್ತು 17ರ ಹರೆಯದವರಿಗೆ ವಸತಿ ಒದಗಿಸುವಲ್ಲಿ ಆದ್ಯತೆ ಕೊಡಬೇಕೆಂಬ ಆದೇಶವು 2002ರಿಂದಲೇ ಅಲ್ಲಿದೆ. ಇಷ್ಟೆಲ್ಲ ಇದ್ದರೂ 2024ರಲ್ಲಿ ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮನೆಗಳು ಆರು ತಿಂಗಳಿಗೂ ಮೀರಿ ಖಾಲಿಯಿದ್ದವು. ಅದೇ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಗಳಲ್ಲಿ ದಿನ ದೂಡುತ್ತಿದ್ದವು. ಧನಸಹಾಯವೂ ಬೇಕು, ಕಾನೂನೂ ಬೇಕು. ಆದರೆ ಬೀಗದ ಕೈ ಇರುವುದು ಮಾಲಿಕನ ಜೇಬಿನಲ್ಲಿ.

ಮಾಲಿಕನು ಬೀಗ ಹಾಕಲು ಕಾರಣಗಳಿವೆ. ಬಾಡಿಗೆದಾರ ಬಿಟ್ಟು ಹೋಗದಿದ್ದರೆ? ಮನೆ ಹಾಳುಗೆಡವಿದರೆ? ಕೋರ್ಟಿಗೆ ಅಲೆಯಬೇಕಾಗಿ ಬಂದರೆ? ಈ ಭಯ ಸುಳ್ಳಲ್ಲ. ಒಪ್ಪಂದಗಳು ಸರಿಯಾಗಿ ಜಾರಿಯಾಗದಿರುವುದೂ ಬಾಡಿಗೆಯ ಆದಾಯ ಕಡಿಮೆಯಿರುವುದೂ ಮನೆಗಳು ಖಾಲಿಯಿರಲು ಕಾರಣವೆಂದು 2017-18ರ ಆರ್ಥಿಕ ಸಮೀಕ್ಷೆಯೇ ಹೇಳಿದೆ. ಅಂದರೆ ಸಮಸ್ಯೆಯ ಬೇರು ಪರಸ್ಪರ ವಿಶ್ವಾಸದ ಕೊರತೆಯಲ್ಲಿದೆ. ವಿಶ್ವಾಸವನ್ನು ಯಾವ ಬಜೆಟ್ಟೂ ಮಂಜೂರು ಮಾಡಲಾರದು. ಅದು ನಡತೆಯಿಂದ ಹುಟ್ಟಬೇಕು.

ಸಂಪತ್ತು ನಮ್ಮ ಕೈಯಲ್ಲಿರುವ ಅಮಾನತು ಎಂದು ನಂಬುವವರಿಗೆ ಇದು ಹೊಸ ಪಾಠವಲ್ಲ. ಮದೀನಾದಲ್ಲಿ ಮನೆಮಾರಿಲ್ಲದೆ ಬಂದವರಿಗೆ ಮಸೀದಿಯ ಪಕ್ಕದ ಸುಫ್ಫಾ ಆಸರೆಯಾಯಿತು. ಹಝ್ರತ್ ಅಬೂಹುರೈರಾರಂಥವರು ಅಲ್ಲಿದ್ದುಕೊಂಡೇ ಜ್ಞಾನ ಸಂಪಾದಿಸಿದರು. ಊರಿನವರು ತಮ್ಮ ಮನೆಗಳನ್ನೂ ವಲಸೆ ಬಂದವರೊಂದಿಗೆ ಹಂಚಿಕೊಂಡರು.

ಇಂದು ನಮ್ಮ ಕರಾವಳಿಯ ಊರುಗಳಲ್ಲಿ ಗಲ್ಫ್ ದುಡಿಮೆಯಿಂದ ಕಟ್ಟಿದ ಎಷ್ಟೋ ಮನೆಗಳು ವರ್ಷಕ್ಕೊಮ್ಮೆ ರಜೆಯಲ್ಲಿ ಮಾತ್ರ ತೆರೆಯುತ್ತವೆ. ಅಂತಹ ಮನೆ ನಿಮ್ಮದಾಗಿದ್ದರೆ, ಒಂದು ಭಾಗವನ್ನಾದರೂ ನ್ಯಾಯವಾದ ಬಾಡಿಗೆಗೆ ಕೊಡಲು ಸಾಧ್ಯವೇ ಎಂದು ಮನೆಯವರೊಡನೆ ಕುಳಿತು ಸಮಾಲೋಚಿಸಿರಿ. ಕರಾರನ್ನು ಬರೆದಿಡಿರಿ, ಸಾಕ್ಷಿಗಳ ಸಹಿ ಹಾಕಿಸಿರಿ. ಮುಂಗಡವನ್ನು ಹೊರೆಯಾಗಿಸಬೇಡಿರಿ. ಕೇಳಲು ಬಂದವನ ಜಾತಿ, ಧರ್ಮ ವಿಚಾರಿಸಿ ಬಾಗಿಲು ಮುಚ್ಚಬೇಡಿರಿ. ನಮ್ಮ ಮಕ್ಕಳಿಗೆ ಪರಊರಿನಲ್ಲಿ ಹಾಗೆ ಬಾಗಿಲು ಮುಚ್ಚಿದಾಗ ನಮಗೆಷ್ಟು ನೋವಾಗುತ್ತದೆ! ಅನಾಥಾಲಯದಿಂದ 18 ತುಂಬಿ ಹೊರಬರುವ ಹುಡುಗನಿಗೆ ಧನಸಹಾಯ ಕೊಡಲು 2015ರ ಬಾಲನ್ಯಾಯ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಅವನ ಪರವಾಗಿ ಜಾಮೀನು ನಿಂತು ಕೋಣೆ ಕೊಡಿಸುವ ಹಿರಿಯರು ಬೇಕು. ಊರ ಜಮಾಅತ್ ಅಂತಹ ಹಿರಿಯನಾಗಬಾರದೇಕೆ?

ಬಾಡಿಗೆಗಿರುವ ಯುವಕರೇ, ನಿಮ್ಮ ಹೊಣೆಯೂ ಕಡಿಮೆಯದಲ್ಲ. ತಿಂಗಳು ತಪ್ಪದೆ ಬಾಡಿಗೆ ಕೊಡಿರಿ. ಮಾತು ಕೊಟ್ಟ ದಿನ ಮನೆ ಬಿಟ್ಟುಕೊಡಿರಿ. ನೀವು ಒಬ್ಬರು ವಚನಭಂಗ ಮಾಡಿದರೆ, ನಿಮ್ಮ ನಂತರ ಬರುವ ಹತ್ತು ಮಂದಿಗೆ ಆ ಬಾಗಿಲು ಮುಚ್ಚುತ್ತದೆ.

ಸರಕಾರವು ಮನೆ ಕಟ್ಟಿಸಲಿ, ಅದಕ್ಕಾಗಿ ನಾವು ಒತ್ತಾಯಿಸೋಣ. ಅದರೊಂದಿಗೆ ಈಗಾಗಲೇ ಎದ್ದು ನಿಂತಿರುವ ಮನೆಗಳ ಬೀಗಗಳನ್ನು ತೆರೆಯುವ ಕೆಲಸವನ್ನು ನಮ್ಮ ಮನೆಯಿಂದಲೇ ಆರಂಭಿಸೋಣ.